ಸ್ವಲ್ಪ ನಡೆದು ತೋರಿಸಮ್ಮ

ಅರ್ಜಿ ತುಂಬುವುದರಲ್ಲಿ ಚಿತ್ತವಾಡ್ಗಿಯಿಂದ ಹಂಪಿಯವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಕಮಲಾಪುರದ ಆನ್‌ಲೈನ್ ಸೇವೆಯ ಅಂಗಡಿಯಲ್ಲಿ ದಿನವಿಡೀ ಊರವರ ಅರ್ಜಿ ತುಂಬುವುದೇ ನನ್ನ ಉದ್ಯೋಗ. ದಿನಚರಿ ಬರೆಯುವುದು, ಅದರಲ್ಲಿ ಆಯಾ ದಿನದ ಎಡವಟ್ಟುಗಳನ್ನು ಎಣಿಸಿ ಕೆಂಪು ಶಾಯಿಯಲ್ಲಿ ನಮೂದಿಸುವುದು ನನ್ನ ಹವ್ಯಾಸ.

ಚಿಕ್ಕಂದಿನಿಂದ ನನ್ನ ಎಡಗಾಲಿಗೆ ಶಕ್ತಿಯಿಲ್ಲ, ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದೇ ನಡೆಯಬೇಕು. ಹೊಸಪೇಟೆ ಬಸ್ ನಿಲ್ದಾಣದ ನೂಕುನುಗ್ಗಲಲ್ಲಿ ನಾನು ಬಾಗಿಲು ಮುಟ್ಟುವ ಹೊತ್ತಿಗೆ ಬಸ್ಸು ಅನಂತಶಯನಗುಡಿ ದಾಟಿರುತ್ತದೆ. “ಇನ್ನೊಮ್ಮೆ ತಡ ಆದ್ರ ಬ್ಯಾರೆಯವರನ್ನ ನೋಡ್ಕೋತೀನಮ್ಮ” ಎಂದು ಅಂಗಡಿಯ ಮಾಲೀಕರು ಹೇಳಿಯೂ ಆಗಿತ್ತು. ಹೀಗಾಗಿ ಸರ್ಕಾರ ಕೊಡುವ ಮೂರು ಚಕ್ರದ ಸ್ಕೂಟರಿಗೆ ಅರ್ಜಿ ಹಾಕಿದೆ. ನಡೆದಾಡುವ ತೊಂದರೆಗಳನ್ನು ವಿವರಿಸಬೇಕಾದ ಜಾಗದಲ್ಲಿ ನಾನು ಬರೆದದ್ದನ್ನು ಓದಿ ನನಗೇ ಕಣ್ಣೀರು ಬಂತು. ಅದರ ಮುಖ್ಯ ವಾಕ್ಯ: “ಊರುಗೋಲು ಹಿಡಿದಾಗ ಒಂದು ಲೋಟ ನೀರನ್ನೂ ಒಯ್ಯಲಾರೆ.”

ಸೋಮವಾರ ಪರಿಶೀಲನೆಗೆ ಮೇಡಂ ಒಬ್ಬರು, ಫೈಲು ಹಿಡಿದ ಗುಮಾಸ್ತರೊಬ್ಬರು ಮನೆಗೆ ಬಂದರು. ನನ್ನ ಯೋಜನೆ ಸಿದ್ಧವಿತ್ತು: ಕುರ್ಚಿಯಿಂದ ಏಳಬಾರದು, ಕೇಳಿದ್ದಕ್ಕೆ ನಿಜ ಹೇಳಬೇಕು. ಅವ್ವನ ಯೋಜನೆ ಬೇರೆಯೇ ಇತ್ತು. “ಆಫೀಸಿನೋರು ಬರ್ತಾರ, ಹಂಗ ಕುಂದರಬ್ಯಾಡ” ಎಂದು ರೇಷ್ಮೆ ಸೀರೆ ಉಡಿಸಿ, ಒಂದು ಮೊಳ ಮಲ್ಲಿಗೆ ಮುಡಿಸಿದ್ದಳು.

“ಬರ್ರಿ, ಕುಂದ್ರಿ” ಎಂದೆ. ಮನೆಗೆ ಬಂದವರಿಗೆ ಏನೂ ಕೊಡದೆ ಮಾತು ಶುರುಮಾಡುವ ಹೆಣ್ಣು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅವ್ವ ಅಡುಗೆಮನೆಯಿಂದ ಕಣ್ಣು ಬಿಟ್ಟಳು. ನನ್ನ ದೇಹ ತಾನಾಗಿ ಎದ್ದಿತು. ಊರುಗೋಲು ಗೋಡೆಗೆ ಒರಗಿತು. ಒಂದು ಕೈ ಗೋಡೆಯನ್ನೂ ಬಾಗಿಲ ಚೌಕಟ್ಟನ್ನೂ ಹಿಡಿಯುತ್ತ ಸಾಗಿತು. ಇನ್ನೊಂದು ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಎರಡು ಕಪ್ ಚಹಾ. ಒಂದು ಹನಿಯೂ ಚೆಲ್ಲಲಿಲ್ಲ.

ಮೇಡಂ ಅರ್ಜಿ ನೋಡಿದರು. ಚಹಾ ನೋಡಿದರು. ಮತ್ತೆ ಅರ್ಜಿ ನೋಡಿದರು.

“ಒಂದು ಲೋಟ ನೀರು ಒಯ್ಯಾಕ ಆಗೂದಿಲ್ಲ ಅಂತ ಬರದೀಯಲ್ಲಮ್ಮ.”

“ಕೋಲು ಹಿಡ್ಕೊಂಡಾಗ ಆಗೂದಿಲ್ರಿ ಮೇಡಂ. ಮನ್ಯಾಗ ಗ್ವಾಡಿ ಹಿಡ್ಕೋತೀನಿ.”

“ಹಂಗಾದ್ರ ಗ್ವಾಡಿ ಇಲ್ಲದ ಕಡೆ ನೋಡೋಣು. ಓಣ್ಯಾಗ ಸ್ವಲ್ಪ ನಡೆದು ತೋರಿಸಮ್ಮ.”

ಎಡವಟ್ಟು ಒಂದು.

ರೇಷ್ಮೆ ಸೀರೆ, ಮಲ್ಲಿಗೆ, ಚಹಾ, ಹೊಸಬರಿಬ್ಬರು, ಅದರ ಮೇಲೆ “ನಡೆದು ತೋರಿಸಮ್ಮ”. ಎದುರು ಮನೆಯ ಶಾಂತಮ್ಮತ್ತೆಗೆ ಇನ್ನೇನು ಬೇಕು? ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುವುದು ಆಕೆಗೆ ಗೊತ್ತಿಲ್ಲದ್ದೇ? ಸೋಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು, ನನ್ನ ಬಾಳು ಉಳಿಸಲು ಓಡಿ ಬಂದಳು.

“ನಮ್ಮ ಮಂಜುಳಾ ಭಾಳ ಚುರುಕ್ರಿ. ಕಾಲಿನ ಚಿಂತಿ ಮಾಡಬ್ಯಾಡ್ರಿ. ಕೋಲು ಸುಮ್ನ ರೂಢಿಗೆ ಹಿಡೀತಾಳ.”

“ಅತ್ತಿ, ನೀ ಸುಮ್ನಿರು.”

“ನಾಚಿಕಿ ನೋಡ್ರಿ ಆಕಿಗೆ. ಹ್ವಾದ ವರ್ಷ ಹಂಪ್ಯಾಗ ಮಾತಂಗ ಗುಡ್ಡ ಹತ್ತಿ ಇಳದಾಳ. ನಾನ ಹಿಂದ ಬಿದ್ದಿದ್ದೆ!”

ಆ ಗುಡ್ಡವನ್ನು ನಾನು ನೋಡಿರುವುದು ಬುಡದಿಂದ, ಮಂಡಕ್ಕಿ ತಿನ್ನುತ್ತ. ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. “ಮಾತಂಗ ಗುಡ್ಡ. ಬರ್ಕೊಳ್ಳೇನ್ರಿ ಮೇಡಂ?”

ಎಡವಟ್ಟು ಎರಡು. ಮೂರನೆಯದು ಪೂರ್ತಿ ನನ್ನದೇ. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನೋಡುತ್ತಿರುವಾಗ ಕುಂಟುತ್ತ ನಡೆಯಲು ಮನಸ್ಸು ಬರಬೇಕಲ್ಲ? ಕೋಲು ಊರಿ, ಬೆನ್ನು ನೆಟ್ಟಗೆ ಮಾಡಿ, ಹಲ್ಲು ಕಚ್ಚಿ, ಮೆರವಣಿಗೆಯ ಆನೆಯಂತೆ ಗಂಭೀರವಾಗಿ ನಡೆದೆ.

“ಚೊಲೋ ನಡೀತಿ” ಎಂದು ಮೇಡಂ ಫೈಲಿಗೆ ಕೈ ಹಾಕಿದರು. ನನ್ನ ಸ್ಕೂಟರು, ಅದರ ಹಿಂದೆಯೇ ನನ್ನ ಕೆಲಸ, ಎರಡೂ ಕಣ್ಣೆದುರೇ ಓಣಿಯ ತಿರುವು ದಾಟಿ ಹೋದಂತಾಯಿತು.

“ಮೇಡಂ, ನಾನು ಯಾವ ಗುಡ್ಡಾನೂ ಹತ್ತಿಲ್ರಿ,” ಎಂದೆ. ದನಿ ನನಗರಿವಿಲ್ಲದೆ ಏರಿತ್ತು. “ಮಳಿ ಬಂದ್ರ ಕೊಡಿ ಹಿಡಿಯಾಕ ಕೈ ಇರೂದಿಲ್ಲ, ತೊಯ್ಸಿಕೊಂಡು ಹೋಗ್ತೀನಿ. ಬಸ್ಸಿನ್ಯಾಗ ಟಿಕೇಟು ಹಲ್ಲಾಗ ಹಿಡೀತೀನಿ, ಯಾರರ ಮಾತಾಡ್ಸಿದ್ರ ಕತ್ತಿನಾಗ ಉತ್ತರ ಕೊಡ್ತೀನಿ. ಹಸಿ ನೆಲದ ಮ್ಯಾಲ ಕೋಲು ಜಾರಿದ್ರ ಕೋಲು ಒಂದು ಕಡೆ, ನಾನು ಒಂದು ಕಡೆ. ಸಂಜಿಗೆ ಅಂಗೈ ಉರೀತೈತಿ. ಅದನ್ನ ಅವ್ವಗೂ ಹೇಳಿಲ್ಲ.”

ಬಾಗಿಲಲ್ಲಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಂತಮ್ಮತ್ತೆ ಮಾತ್ರ ನುಗ್ಗಿ ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಕೈ ಮೆಂತ್ಯದ ವಾಸನೆ ಹೊಡೆಯುತ್ತಿತ್ತು.

“ಲೇ ಹುಚ್ಚಿ, ಗಂಡಿನ ಕಡೆಯೋರ ಮುಂದ ಇದನ್ನೆಲ್ಲ ಹೇಳ್ತಾರೇನು?”

“ಗಂಡಿನ ಕಡೆಯೋರಲ್ಲತ್ತಿ,” ಎಂದೆ ಕೈ ಸರಿಸಿ. “ಸ್ಕೂಟರ್ ಕೊಡೋ ಆಫೀಸಿನೋರು.”

ಶಾಂತಮ್ಮತ್ತೆ ಅರೆಗಳಿಗೆ ಯೋಚಿಸಿದಳು. ಆಮೇಲೆ ಮೇಡಂ ಕಡೆ ತಿರುಗಿ, ಅಷ್ಟೇ ಶ್ರದ್ಧೆಯಿಂದ ಹೇಳಿದಳು: “ಅಯ್ಯ, ಈಕಿಗೆ ನಿಲ್ಲಾಕ ಬರೂದಿಲ್ರಿ.”

ಮೇಡಂ ನಕ್ಕ ನಗೆಗೆ ಕಟ್ಟೆಯ ಮೇಲೆ ಕೂರಬೇಕಾಯಿತು. ಗುಮಾಸ್ತರು ಮಾತಂಗ ಗುಡ್ಡವನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದರು.

ಸ್ಕೂಟರು ಬಂತು. ಶಾಂತಮ್ಮತ್ತೆಯೇ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಮೊದಲ ದಿನ ಕಮಲಾಪುರದ ದಾರಿಯಲ್ಲಿ ನನ್ನ ಹಳೆಯ ಬಸ್ಸನ್ನೇ ಹಿಂದೆ ಹಾಕಿದೆ. ಮಾಲೀಕರಿಗಿಂತ ಮುಂಚೆ ಅಂಗಡಿ ಮುಟ್ಟಿದೆ. ಗಾಡಿ ನಿಲ್ಲಿಸಿ, ಗತ್ತಿನಿಂದ ಊರುಗೋಲಿಗೆ ಕೈ ಚಾಚಿದೆ.

ಊರುಗೋಲು ಮನೆಯಲ್ಲೇ, ನಾನು ಹಿಡಿದು ಗಾಡಿ ಹತ್ತಿದ ಗೋಡೆಗೆ ಒರಗಿಕೊಂಡಿತ್ತು.

ಅವ್ವನಿಗೆ ಫೋನ್ ಮಾಡಿದೆ. ಎತ್ತಿದ್ದು ಶಾಂತಮ್ಮತ್ತೆ. ಎಲ್ಲ ಕೇಳಿಸಿಕೊಂಡು ಹೇಳಿದಳು:

“ಗುಡ್ಡ ಹತ್ತಿ ಇಳದಾಕಿಗೆ ಗಾಡಿ ಇಳಿಯಾಕ ಬರೂದಿಲ್ಲೇನಲೇ?”

ಕೋಲು ಮುಂದಿನ ಬಸ್ಸಿನಲ್ಲಿ ಬರುವವರೆಗೆ ಊರವರ ಅರ್ಜಿಗಳನ್ನು ಅಂಗಡಿಯ ಮುಂದೆ, ಸ್ಕೂಟರಿನ ಮೇಲೆ ಕುಳಿತೇ ತುಂಬಿದೆ. ಸ್ಕೂಟರಿನ ಲೆಕ್ಕದಲ್ಲಿ ಎಡವಟ್ಟು ನಾಲ್ಕು. ಆದರೆ ಕೆಲಸಕ್ಕೆ ತಡವಾಗಲಿಲ್ಲ.