ಸುಮ್ಮನೆ ಸೈಕಲ್ ತುಳಿದ ದಿನ

ನಮ್ಮ ಕನಕಪುರದ ಕಡೆ ತಲೆ ನರೆತವನು ಸೈಕಲ್ ಹತ್ತಿದರೆ ಜನ ಸುಮ್ಮನೆ ಬಿಡುವುದಿಲ್ಲ. ಪಾಪ, ಕಷ್ಟದಲ್ಲಿದ್ದಾನೆ ಅಂದುಕೊಳ್ಳುತ್ತಾರೆ. ಸಹಾಯ ಮಾಡುತ್ತಾರೆ. ಬೇಡವೆಂದರೂ ಮಾಡುತ್ತಾರೆ.

ಹಿಂದಿನ ವಾರ ಹಾಲಿನ ವ್ಯಾನಿನವನೊಬ್ಬ ನನ್ನನ್ನೂ ಸೈಕಲ್ಲನ್ನೂ ಕ್ಯಾನುಗಳ ನಡುವೆ ತುಂಬಿ ಮನೆಗೆ ತಂದಿಳಿಸಿದ. ಅದಕ್ಕೂ ಮುಂಚೆ, ರಾಮನಗರದಲ್ಲಿ ರೇಷ್ಮೆಗೂಡು ಇಳಿಸಿ ವಾಪಸ್ ಬರುತ್ತಿದ್ದ ಟೆಂಪೊದವನು. ಇಬ್ಬರಿಗೂ ಹೆಂಡತಿ ಕಾಫಿ ಕೊಟ್ಟಳು. ನನಗೆ ಎಚ್ಚರಿಕೆ ಕೊಟ್ಟಳು.

"ಇನ್ನೊಂದ್ಸಲ ಯಾರ್ದಾದ್ರೂ ಗಾಡೀಲಿ ಬಂದಿಳುದ್ರೆ ಈ ಸೈಕಲ್ಲು ಗುಜರಿಗೆ. ಹೇಳ್ಬುಟ್ಟಿವ್ನಿ."

ಅವಳು ಮಾತಿಗೆ ತಪ್ಪುವವಳಲ್ಲ. ನನಗೋ ಸೈಕಲ್ ಬೇಕು. ಹಾಗಾಗಿ ಆ ಭಾನುವಾರ ಹೊಳೆ ದಂಡೆ ಹಿಡಿದೆ. ಅರ್ಕಾವತಿಯ ಪಕ್ಕದಲ್ಲಿ ಸೈಕಲ್ಲಿಗೆಂದೇ ಮಾಡಿದ ದಾರಿ. ಗಾಡಿಗಳು ಬರಬಾರದು. ಗಾಡಿಯಿಲ್ಲದ ಕಡೆ ಸಹಾಯವೂ ಇರುವುದಿಲ್ಲ ಅಂದುಕೊಂಡೆ.

೧. ಹೊರಡುವಾಗ

ಹೊರಟವರನ್ನು ನಮ್ಮಲ್ಲಿ "ಎಲ್ಲಿಗೆ" ಎಂದು ಕೇಳುವುದಿಲ್ಲ. ಹೋದ ಕೆಲಸ ಕೆಡುತ್ತದೆ. ಬೀದಿ ಕೊನೆಯ ಟೀ ಅಂಗಡಿಯವನು ಕ್ರಮ ಬಲ್ಲವನು.

"ದೂರ ಹೊಂಟ್ರಾ, ಯಜಮಾನ್ರೇ?"

"ಹೂಂ."

"ಏನ್ ಕೆಲ್ಸ?"

"ಏನಿಲ್ಲ. ಸುಮ್ನೆ."

ಅವನು ಟೀ ಸೋಸುವುದನ್ನು ನಿಲ್ಲಿಸಿದ. "ಮನೇಲಿ ಜಗಳ ಆಯ್ತಾ?"

"ಇಲ್ಲ."

"ಹಂಗಾರೆ ವಾಪಸ್ ಬಂದ್ಮೇಲೆ ಆಯ್ತದೆ ಬುಡಿ. ಹುಷಾರಾಗಿ ಹೋಗ್ಬನ್ನಿ."

೨. ಹುರುಳಿ

ದಾರಿ ಚೆನ್ನಾಗಿತ್ತು. ಬಿಸಿಲು ಹಿತವಾಗಿತ್ತು. ನೀರಿನಲ್ಲಿ ಎಮ್ಮೆಗಳು, ಎಮ್ಮೆಗಳ ಬೆನ್ನ ಮೇಲೆ ಬೆಳ್ಳಕ್ಕಿ. ಯಾರೂ ಮಾತಾಡಿಸಲಿಲ್ಲ. ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ತಿರುವಿನಾಚೆ ದಾರಿಯೇ ಇರಲಿಲ್ಲ. ಹುರುಳಿ ಇತ್ತು. ಹೋಗಿಬರುವ ಗಾಡಿಗಳು ತುಳಿದು ಕಾಳು ಉದುರಿಸಲಿ ಎಂದು ಒಣಗಿದ ಬಳ್ಳಿಯನ್ನು ಉದ್ದಕ್ಕೂ ಹರಡಿದ್ದರು. ಪಕ್ಕದಲ್ಲಿ ಸೊಂಟಕ್ಕೆ ಸೆರಗು ಬಿಗಿದ ಹೆಂಗಸು.

"ಇದು ಸೈಕಲ್ ದಾರಿ," ಅಂದೆ.

"ಅದ್ಕೇ ಕಣಣ್ಣ, ಬೆಳಗ್ಗಿಂದ ಒಂದ್ ಕಾಳೂ ಉದ್ರಿಲ್ಲ. ನೀನೇ ಮೊದ್ಲು. ಬಾ."

ತುಳಿದೆ. ಆಚೆ ತುದಿ ಮುಟ್ಟುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು. ಹಿಂದಿನಿಂದ ಕೂಗಿದಳು:

"ಅಣ್ಣಾ, ಎಡಗಡೆ ಒಸಿ ಉಳ್ಕತು. ಇನ್ನೊಂದ್ಸಲ ತಿರುಗ್ಸ್ಕೊಂಡು ಬಾ!"

ತಿರುಗಿಸಿಕೊಂಡು ಬಂದೆ. ಅವಳು ಬಗ್ಗಿ ಕಾಳು ನೋಡಿದಳು. ಎದ್ದು ನನ್ನನ್ನು ನೋಡಿದಳು.

"ತೂಕ ಸಾಲ್ದು ಕಣಣ್ಣ. ಮುದ್ದೆ ಉಣ್ಣು."

೩. ನಿದ್ದೆ

ಮಧ್ಯಾಹ್ನ ಒಂದು ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡೆ. ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದೆ. ಎಚ್ಚರವಾದಾಗ ಅಂಗೈಯಲ್ಲಿ ಏನೋ ತಣ್ಣಗೆ ಒತ್ತುತ್ತಿತ್ತು. ನೋಡಿದರೆ ಯಾರದೋ ಕೀಗೊಂಚಲು. ಸುತ್ತ ಜನ.

"ಜ್ಞಾನ ಬಂತು ಕಣ್ಲಾ! ಕೈಗೆ ಕಬ್ಬಿಣ ಕೊಟ್ಟಿದ್ದೇ ತಡ, ಫಿಟ್ಸು ನಿಂತೋಯ್ತು ನೋಡು," ಅಂದ ಒಬ್ಬ.

"ನಿದ್ದೆ ಮಾಡ್ತಿದ್ದೆ," ಅಂದೆ.

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿ ಮರುಗಿದಳು. "ಪಾಪ, ಅವ್ರಿಗೆ ಹಂಗೇ ಅನ್ಸೋದು."

ಇನ್ನೊಬ್ಬ ಮುಂದೆ ಬಂದ. "ತೋಟದ ತಾವ ನಮ್ ಟೆಂಪೊ ಐತೆ. ಮನೆಗೆ ಬುಟ್ಟು ಬತ್ತೀನಿ, ಇರಿ."

ಟೆಂಪೊ ಅನ್ನುತ್ತಲೇ ಗುಜರಿ ಕಣ್ಣ ಮುಂದೆ ಬಂತು. ಎದ್ದೆ. ಸೈಕಲ್ ಹತ್ತಿದೆ. ಮನೆ ಕಡೆ ತುಳಿದೆ. ಮೊದಲಿನವನು ಕೂಗುತ್ತ ಹಿಂದೆ ಓಡಿ ಬಂದ. ಇನ್ನೂ ಜೋರಾಗಿ ತುಳಿದೆ. ಅವನು ಬಿಡಲಿಲ್ಲ. ಕೊನೆಗೆ ಕ್ಯಾರಿಯರ್ ಹಿಡಿದು ನಿಲ್ಲಿಸಿದ. ಏದುಸಿರು ಬಿಡುತ್ತ ಕೈ ಚಾಚಿದ.

"ಕೀ... ಕೀ ಕೊಡಿ ಯಜಮಾನ್ರೇ. ಬೈಕಿಂದೂ ಅದ್ರಲ್ಲೇ ಐತೆ."

೪. ವಾಪಸ್

ಇಳಿಹೊತ್ತಿಗೆ ಮತ್ತೆ ಹುರುಳಿ ಸಿಕ್ಕಿತು. ಅದರ ನಡುವೆ ಒಂದು ಆಟೊ ನಿಂತಿತ್ತು. ಒಳಗೆ ನನ್ನ ಹೆಂಡತಿ.

ಮರದ ಕೆಳಗಿನ ಗುಂಪಿನಲ್ಲಿ ನಮ್ಮ ಬೀದಿಯ ಪರಿಚಯದವರು ಯಾರೋ ಇದ್ದರಂತೆ. "ನಿಮ್ಮೆಜಮಾನ್ರು ಹೊಳೆ ದಂಡೇಲಿ ಬಿದ್ದವ್ರೆ" ಎಂದು ಫೋನ್ ಮಾಡಿದ್ದರು. ಅವಳು ಉಟ್ಟ ಸೀರೆಯಲ್ಲೇ ಹೊರಟು ಬಂದಿದ್ದಳು. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಆಟೊ ಅಲ್ಲೇ ಕೂತಿತ್ತು. ಡ್ರೈವರು ಅಡಿಯಲ್ಲಿ ಮಲಗಿ ಬಳ್ಳಿ ಕೀಳುತ್ತಿದ್ದ. ಹುರುಳಿಯ ಹೆಂಗಸೊಬ್ಬಳೇ ಖುಷಿಯಾಗಿದ್ದಳು.

"ತೂಕ ಅಂದ್ರೆ ಇದು ನೋಡಣ್ಣ!"

ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣು ಒದ್ದೆಯಾಗಿತ್ತು. ಬಾಯಿ ಎಂದಿನಂತೆಯೇ ಇತ್ತು. "ನೆಟ್ಟಗವ್ರೆ! ಗುಂಡುಕಲ್ಲಂಗವ್ರೆ! ನನ್ ಪ್ರಾಣ ತೆಗ್ದುಬುಟ್ರು!"

"ಇದ್ ಬಿಚ್ಚೋದ್ರೊಳ್ಗೆ ಕತ್ತಲಾಯ್ತದೆ ಅಕ್ಕ," ಅಂದ ಡ್ರೈವರು, ಅಡಿಯಿಂದಲೇ.

ನಾನು ಕ್ಯಾರಿಯರ್ ತಟ್ಟಿದೆ. "ಹತ್ತು."

ಹತ್ತಿದಳು. ನೀರಿನ ಮೇಲೆ ಸಂಜೆ ಬಿಸಿಲು. ಸ್ವಲ್ಪ ದೂರ ಬಂದ ಮೇಲೆ ನನ್ನ ಷರ್ಟು ಹಿಡಿದುಕೊಂಡಳು. ಬೀಳುವ ಭಯಕ್ಕೆ, ಅಂದಳು ಆಮೇಲೆ.

ಟೀ ಅಂಗಡಿಯವನು ಬೀದಿಗೇ ಓಡಿ ಬಂದ.

"ಅಯ್ಯೋ, ಏನಾಯ್ತು ಅಮ್ಮಾವ್ರೇ? ಯಾವ್ದಾದ್ರೂ ಗಾಡಿ ತರ್ಸ್ಲಾ?"

"ಏನಿಲ್ಲ," ಅಂದಳು ಹೆಂಡತಿ. "ಸುಮ್ನೆ."

ಮಾರನೆ ದಿನ ಗುಜರಿಯವನು ಕೂಗಿಕೊಂಡು ಬಂದ. ಅವಳು ಸೈಕಲ್ ತಳ್ಳಿಕೊಂಡು ಹೊರಗೆ ಹೋದಳು. ನಾನೇನೂ ಯಾರ ಗಾಡಿಯಲ್ಲೂ ಬಂದಿರಲಿಲ್ಲ. ಅಷ್ಟನ್ನಾದರೂ ಹೇಳೋಣವೆಂದು ಬಾಗಿಲಿಗೆ ಓಡಿದೆ.

ಅವಳು ಗುಜರಿಯವನಿಗೆ ಕ್ಯಾರಿಯರ್ ತೋರಿಸುತ್ತಿದ್ದಳು.

"ಇದ್ಕೆ ಹೊಂದೋ ಹಳೇ ಬೈಕ್ ಸೀಟು ಇದ್ರೆ ಕೊಡಪ್ಪ. ಕಂಬಿ ಒತ್ತುತದೆ."