ಹಲ್ಲಿ ಪಟ್ಟು

ಹಲ್ಲಿ ಭುಜದ ಮೇಲೆ ಬಿದ್ದರೆ ಜಯ ಎಂದು ಪಂಚಾಂಗದಲ್ಲಿದೆಯಂತೆ. ಭುಜದಿಂದ ಕಾಲರಿನೊಳಗೆ ಇಳಿದು ಬೆನ್ನ ಮೇಲೆ ಓಡಾಡಿದರೆ ಏನು ಫಲ ಎಂಬುದನ್ನು ಮಾತ್ರ ಯಾವ ಜೋಯಿಸರೂ ಬರೆದಿಟ್ಟಿಲ್ಲ. ವಡೋದರಾದ ಮಂಜಲ್‌ಪುರದಲ್ಲಿ, ಭಾನುವಾರ ಬೆಳಿಗ್ಗೆ ಎಂಟೂವರೆಗೆ, ತಿಂಡಿಗೆ ಫಾಫ್ಡಾ ಜಲೇಬಿ ತರಲೆಂದು ಕಾರು ಹತ್ತಿದ ವಾಮನರಾಯರಿಗೆ ಆದದ್ದು ಇದೇ.

ವಾಮನರಾಯರು ಹಾಸನದ ಕಡೆಯವರು. ವಿಮಾ ಕಂಪನಿಯ ಅಧಿಕಾರಿಯಾಗಿ ಗುಜರಾತಿಗೆ ವರ್ಗವಾಗಿ ಬಂದು ಒಂಬತ್ತು ವರ್ಷವಾಗಿತ್ತು. ಹೆಸರಿಗೆ ತಕ್ಕ ಎತ್ತರ, ಎತ್ತರಕ್ಕೆ ತಕ್ಕ ಧೈರ್ಯ. ತಮ್ಮ ಬೆಳ್ಳಿ ಬಣ್ಣದ ಕಾರನ್ನು ಅವರು ಮೂವತ್ತು ಕಿಲೋಮೀಟರಿನ ಮೇಲೆ ಓಡಿಸಿದ್ದೇ ಇಲ್ಲ. ಹದಿನೇಳರ ಮಗಳು ಸಂಜನಾ ಅದರಲ್ಲಿ ಕೂರುವುದನ್ನೇ ಬಿಟ್ಟಿದ್ದಳು.

"ಪಪ್ಪಾ, ಮೊನ್ನೆ ಒಂದು ಎಮ್ಮೆ ನಿನ್ನನ್ನ ಓವರ್‌ಟೇಕ್ ಮಾಡ್ತು. ಮೇರೆ ಸಬ್ ಫ್ರೆಂಡ್ಸ್ ನೋಡಿದ್ರು," ಎಂದು ಅತ್ತೇಬಿಟ್ಟಿದ್ದಳು.

ಅವಳ ಆರಾಧ್ಯದೈವ ಅಗ್ನಿರಾಜ್ ಎಂಬ ನಟ. 'ರಫ್ತಾರ್ ಕಾ ಮುಕ್ಕಾ', ಎಂದರೆ ವೇಗದ ಗುದ್ದು, ಎಂಬ ಅವನ ಹಿಂದಿ ಚಿತ್ರ ಮೂರು ಭಾಗ ಬಂದು ಹೋಗಿತ್ತು. ಅದರಲ್ಲಿ ಕಾರು ಮುನ್ನೂರರ ವೇಗದಲ್ಲಿ ಓಡುತ್ತಿರುವಾಗ ಅಗ್ನಿರಾಜ್ ಬಾಗಿಲು ತೆಗೆದು ಅದರ ನೆತ್ತಿಯ ಮೇಲೆ ಹತ್ತುತ್ತಾನೆ. ಅಲ್ಲಿಂದ ಪಕ್ಕದ ಕಾರಿಗೆ ಹಾರಿ ಕುಂಗ್‌ಫೂ ಮಾಡುತ್ತಾನೆ. ವೈರಿಗಳು ರೇಷನ್ ಅಂಗಡಿಯ ಮುಂದೆ ನಿಂತವರಂತೆ ಶಿಸ್ತಾಗಿ ಒಬ್ಬೊಬ್ಬರೇ ಬಂದು ಒದೆ ಇಸಕೊಂಡು ಹೋಗುತ್ತಾರೆ. ಅಷ್ಟೂ ಹೊತ್ತು ಅವನ ಕಾರು ಡ್ರೈವರಿಲ್ಲದೆ, ಮನೆಗೆ ಹೋಗುವ ಹಸುವಿನಂತೆ, ತನ್ನ ಪಾಡಿಗೆ ತಾನು ತಿರುವು ನೋಡಿಕೊಂಡು ಓಡುತ್ತಿರುತ್ತದೆ. ಮಗಳ ಬಲವಂತಕ್ಕೆ ಒಮ್ಮೆ ನೋಡಿದ ವಾಮನರಾಯರು, "ಇಂಡಿಕೇಟರ್ ಒಂದು ಸಲವೂ ಹಾಕಲಿಲ್ಲವಲ್ಲ," ಎಂದಿದ್ದರು. ಸಂಜನಾ ಮೂರು ದಿನ ಮಾತು ಬಿಟ್ಟಿದ್ದಳು.

ಅಂಥ ವಾಮನರಾಯರು ತಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟು ದಾಟುತ್ತಿದ್ದಾಗ ಕಾರಿನ ಚಾವಣಿಯಿಂದ ಭುಜಕ್ಕೆ ಹಲ್ಲಿ ಬಿತ್ತು. ಬ್ರೇಕ್ ಎಂದುಕೊಂಡು ತುಳಿದದ್ದು ಆಕ್ಸಿಲರೇಟರ್. ಕಾರು ರಸ್ತೆಯ ಉಬ್ಬಿನ ಮೇಲೆ ನೆಗೆಯಿತು, ಎದುರು ಮನೆ ಕಟ್ಟಲು ಹಾಕಿದ್ದ ಮರಳಿಗೆ ಚಕ್ರ ಕೊಟ್ಟು ಗರ್ರನೆ ತಿರುಗಿ ಅಡ್ಡ ನಿಂತಿತು. ಹಲ್ಲಿ ಬೆನ್ನಿನಿಂದ ಪಕ್ಕೆಗೆ ಬಂತು. ರಾಯರು "ಅಯ್ಯಯ್ಯಯ್ಯೋ" ಎನ್ನುತ್ತ ಹೊರಕ್ಕೆ ಹಾರಿದರು. ಕೈಗಳು ಗಾಳಿಯಲ್ಲಿ ಕತ್ತಿಯಂತೆ ಬೀಸಿದವು, ಸೊಂಟ ಬುಗುರಿಯಾಯಿತು. ಹಲ್ಲಿ ಪ್ಯಾಂಟಿನೊಳಕ್ಕೆ ಇಳಿದ ಕ್ಷಣ, ನಲವತ್ತೆಂಟು ವರ್ಷ ಮೆಟ್ಟಿಲಿಗಿಂತ ಮೇಲೆ ಏಳದ ಅವರ ಬಲಗಾಲು ತಲೆಯೆತ್ತರಕ್ಕೆ ಹೋಯಿತು.

ಅದೇ ಕ್ಷಣಕ್ಕೆ, ಕಪ್ಪು ಹೆಲ್ಮೆಟ್ಟಿನವನೊಬ್ಬ ಪಕ್ಕದ ಓಣಿಯಲ್ಲಿ ಹೆಂಗಸೊಬ್ಬಳ ಬ್ಯಾಗು ಕಿತ್ತುಕೊಂಡು ಬೈಕಿನಲ್ಲಿ ಬರುತ್ತಿದ್ದ. ಕಾಲು ಅವನಿಗೆ ತಗುಲಿತು. ಬೈಕು ಚರಂಡಿಗೆ, ಅವನು ಮರಳಿಗೆ. ಹಲ್ಲಿ ಪ್ಯಾಂಟಿನ ತುದಿಯಿಂದ ಇಳಿದು, ಏನೂ ಆಗಿಲ್ಲವೆಂಬಂತೆ ಮರಳಿನ ಹಿಂದೆ ಹೋಯಿತು.

ಜನ ದೊಣ್ಣೆ, ಪೊರಕೆ ಹಿಡಿದು ಓಡಿಬರುವಷ್ಟರಲ್ಲಿ ಕಪ್ಪು ವ್ಯಾನೊಂದು ಬಂದು ಹೆಲ್ಮೆಟ್ಟಿನವನನ್ನು ಎಳೆದುಕೊಂಡು ಹೋಯಿತು. ಬ್ಯಾಗಿನ ಹೆಂಗಸೂ ತನ್ನ ಬ್ಯಾಗೆತ್ತಿಕೊಂಡು ಒಂದು ಥ್ಯಾಂಕ್ಸೂ ಹೇಳದೆ ಓಡಿದಳು. ಹೆದರಿರಬೇಕು ಎಂದು ಜನ ಅಂದುಕೊಂಡರು.

ವಾಮನರಾಯರು ಮನೆಗೆ ಓಡಿ ಹೆಂಡತಿಯ ಮುಂದೆ ಅಂಗಿ ಬಿಚ್ಚಿ ಕೊಡವಿದರು. "ನಳಿನಿ, ಹಲ್ಲಿ ಕಣೇ, ಹಲ್ಲಿ! ಇನ್ನೊಂದಿದೆಯಾ ನೋಡು."

"ಗಂಡಸಾಗಿ ಹಲ್ಲಿಗೆ ಹೀಗೆ ಕುಣಿತೀರಲ್ಲ," ಎಂದು ನಳಿನಿ ನಕ್ಕಳು. "ಫಾಫ್ಡಾ ಎಲ್ಲಿ?"

ಅಷ್ಟರಲ್ಲಿ ಬಾಗಿಲು ಬಡಿದರು. ಪಕ್ಕದ ಮನೆಯ ಮಲ್ಲಿಕಾರ್ಜುನ, ಗದಗಿನವರು, ರೈಲ್ವೆಯಲ್ಲಿದ್ದವರು, ಬಾಯಲ್ಲಿ ಬ್ರಷ್ ಇದ್ದಂತೆಯೇ ಒಳಗೆ ಬಂದರು.

"ರಾಯರ! ಎಂಥಾ ಒದಿ ಒದ್ದೀರ್ರೀ! ಬಾಲ್ಕನ್ಯಾಗ ನಿಂತು ಕಣ್ಣಾರೆ ನೋಡೀನಿ. ವಾಮನನ ಪಾದ ಬಲಿ ತಲಿ ಮ್ಯಾಲೆ ಬಿದ್ದಂಗ ಬಿತ್ತಲ್ರೀ!"

ಅವರ ಬೆನ್ನಿಗೇ ಸೊಸೈಟಿಯ ಅಧ್ಯಕ್ಷ ಹಸಮುಖಭಾಯ್, ಅವರ ಬೆನ್ನಿಗೆ ಎರಡು ಮಹಡಿಯ ಜನ. ಹಸಮುಖಭಾಯಿಯ ಮೊಬೈಲಿನಲ್ಲಿ ಗೇಟಿನ ಸಿಸಿಟಿವಿ ದೃಶ್ಯ ಓಡುತ್ತಿತ್ತು. ಸದ್ದಿಲ್ಲದ ಆ ಚಿತ್ರದಲ್ಲಿ ಕಾರು ನೆಗೆಯುತ್ತದೆ, ಗಿರಕಿ ಹೊಡೆಯುತ್ತದೆ, ಅದರಿಂದ ಒಬ್ಬ ಕುಳ್ಳ ಮನುಷ್ಯ ಚಿಮ್ಮಿ ಸುಂಟರಗಾಳಿಯಂತೆ ಸುತ್ತಿ ಕಳ್ಳನನ್ನು ಒಂದೇ ಏಟಿಗೆ ಉರುಳಿಸುತ್ತಾನೆ. ಹಲ್ಲಿ ಎಲ್ಲೂ ಕಾಣುವುದಿಲ್ಲ.

"ಇದು ಯಾವ ವಿದ್ಯೆ, ವಾಮನಭಾಯ್? ಕರಾಟೆಯೋ, ಕುಂಗ್‌ಫೂವೋ?" ಹಸಮುಖಭಾಯ್ ಹಿಂದಿಯಲ್ಲಿ ಕೇಳಿದರು.

ವಾಮನರಾಯರು ಪ್ರಾಮಾಣಿಕರು. ಹಲ್ಲಿಗೆ ಗುಜರಾತಿಯಲ್ಲಿ ಏನೆನ್ನುತ್ತಾರೆಂದು ನೆನಪಿಸಿಕೊಂಡು, "ಗರೋಳಿ... ಗರೋಳಿ," ಎಂದು ತೊದಲಿದರು.

ಸಭೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

"ಗರೋಳಿ ಸ್ಟೈಲ್!" ಹಸಮುಖಭಾಯ್ ಉಸಿರೆಳೆದುಕೊಂಡರು. "ಹಾವಿನದು ಇದೆ, ಕೊಕ್ಕರೆಯದು ಇದೆ, ಗೊತ್ತು. ಹಲ್ಲಿಯದೂ ಇದೆಯೇ!"

"ಹಲ್ಲಿ ಪಟ್ಟು!" ಮಲ್ಲಿಕಾರ್ಜುನ ತಮ್ಮ ಅನುವಾದವನ್ನು ಎಲ್ಲರಿಗೂ ಹಂಚಿದರು. "ನಮ್ಮ ಕರ್ನಾಟಕದ ಹಳೇ ವಿದ್ಯಾರೀ ಅದು. ಹೊರಗಿನವ್ರಿಗೆ ಹೇಳ್ಕೊಡಂಗಿಲ್ಲ."

"ಅಲ್ಲಪ್ಪಾ, ನಿಜವಾದ ಹಲ್ಲಿ..." ಎಂದು ರಾಯರು ಇನ್ನೊಮ್ಮೆ ಬಾಯಿ ತೆರೆದರು. ಆಗಲೇ ಸಂಜನಾ ಕೋಣೆಯಿಂದ ಹೊರಗೆ ಬಂದದ್ದು. ಅವಳು ವಿಡಿಯೋ ನೋಡಿದಳು, ಅಪ್ಪನನ್ನು ನೋಡಿದಳು. ಚಿಕ್ಕವಳಿದ್ದಾಗ ಅಪ್ಪ ಬಲ್ಬು ಬದಲಾಯಿಸಿದರೂ ಚಪ್ಪಾಳೆ ತಟ್ಟುತ್ತಿದ್ದಳಲ್ಲ, ಆ ನೋಟ ಹತ್ತು ವರ್ಷದ ಮೇಲೆ ಮರಳಿ ಬಂದಿತ್ತು.

"ಪಪ್ಪಾ, ನೀನು ಇಷ್ಟು ದಿನ ಯಾಕೆ ಹೇಳ್ಲೇ ಇಲ್ಲ?"

ವಾಮನರಾಯರು ಹಲ್ಲಿಯನ್ನು ನುಂಗಿಕೊಂಡರು. "ಅದೆಲ್ಲ ಹೇಳ್ಕೊಂಡು ತಿರುಗೋದಲ್ಲ, ಮರೀ," ಎಂದರು. ಒಳಗೆ ನಳಿನಿ ಪಾತ್ರೆಯೊಂದನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಆಮೇಲಿನದು ಕೈಮೀರಿತು. ಹನ್ನೊಂದು ಗಂಟೆಗೆ ಸೊಸೈಟಿಯ ಹುಲ್ಲುಹಾಸಿನಲ್ಲಿ ಸನ್ಮಾನ. ಹಸಮುಖಭಾಯ್ ಶಾಲು ಹೊದಿಸಿ, ಸೋಮವಾರದಿಂದ ಹೆಂಗಸರಿಗೆಲ್ಲ ವಾಮನಭಾಯ್ ಆತ್ಮರಕ್ಷಣೆಯ ಪಾಠ ಹೇಳಿಕೊಡುತ್ತಾರೆ ಎಂದು ಅವರನ್ನು ಕೇಳದೆಯೇ ಘೋಷಿಸಿದರು. ಒಂದು ಪಟ್ಟು ಈಗಲೇ ತೋರಿಸಬೇಕು ಎಂದು ಜನ ಹಟ ಹಿಡಿದರು. ಎದುರಾಳಿಯಾಗಿ ಆರಡಿಯ ವಾಚ್‌ಮನ್‌ನನ್ನು ಮುಂದಕ್ಕೆ ತಳ್ಳಿದರು.

ವಾಮನರಾಯರು ಕಣ್ಣು ಮುಚ್ಚಿ, ಕೈ ಜೋಡಿಸಿ, ಕುಲದೇವರಾದ ನರಸಿಂಹನನ್ನು ನೆನೆದರು. ಭಯಕ್ಕೆ ಮೀಸೆಯ ತುದಿ ನಡುಗಿತು. ಬೆಳಿಗ್ಗೆ ವಿಡಿಯೋವನ್ನು ಆರು ಸಲ ನೋಡಿದ್ದ ವಾಚ್‌ಮನ್ ಆ ನಡುಗುವ ಮೀಸೆಯನ್ನು ಕಂಡು, "ಸಾಹೇಬರೇ, ಮನೇಲಿ ಮಕ್ಕಳಿದ್ದಾರೆ," ಎಂದು ಗೇಟಿನಾಚೆಗೆ ಓಡಿದ. ಮುಟ್ಟದೆ ಓಡಿಸಿದರು ಎಂದು ಚಪ್ಪಾಳೆ ಐದು ನಿಮಿಷ ಬಿತ್ತು. ಸಂಜನಾ ಶಿಳ್ಳೆ ಹಾಕಿದಳು. ಮಧ್ಯಾಹ್ನ ಊಟಕ್ಕೆ ಕೂತ ರಾಯರು ಹಪ್ಪಳವನ್ನು ಅಂಗೈ ಅಂಚಿನಿಂದ ಮುರಿದರು.

ನಾಲ್ಕು ಗಂಟೆಗೆ ಕಪ್ಪು ವ್ಯಾನು ಮತ್ತೆ ಬಂತು.

"ಗ್ಯಾಂಗ್ ಬಂತು! ಸೇಡಿಗೆ ಬಂದಾರ!" ಎಂದು ಕೂಗಿದವರು ಮಲ್ಲಿಕಾರ್ಜುನ. ಅರೆನಿಮಿಷದಲ್ಲಿ ನಲವತ್ತು ಮನೆಯ ಚಿಲಕಗಳು ಬಿದ್ದವು. "ರಾಯರ, ನೀವು ಕೆಳಗ ನೋಡ್ಕೋರಿ, ನಾವು ಮ್ಯಾಲಿಂದ ನೋಡ್ತೀವಿ," ಎಂದು ಬಾಲ್ಕನಿಯಿಂದ ಧೈರ್ಯ ಹೇಳಿ ಮಲ್ಲಿಕಾರ್ಜುನ ಪರದೆ ಎಳೆದುಕೊಂಡರು. ನಳಿನಿ ಮತ್ತು ಸಂಜನಾ ಅಂಗಡಿಗೆ ಹೋಗಿದ್ದರು. ವಾಮನರಾಯರು ಮಂಚದ ಕೆಳಗೆ ಅರ್ಧ ತೂರಿದ್ದಾಗ ಬಾಗಿಲಲ್ಲಿ ಕನ್ನಡ ಕೇಳಿಸಿತು.

"ವಾಮನರಾವ್ ಸಾರ್ ಇದ್ದಾರಾ? ನಾನು ಕಿಶೋರ್ ಅಂತ, ಮಂಡ್ಯದೋನು."

ಪರ ಊರಿನಲ್ಲಿ ಮಂಡ್ಯದ ಕನ್ನಡ ಕೇಳಿದರೆ ಯಾರಿಗಾದರೂ ಜೀವ ಬರುತ್ತದೆ. ರಾಯರು ಮಂಚದಡಿಯಿಂದ ಹೊರಬಂದು ಕುರ್ಚಿ ಕೊಟ್ಟರು. ಕಿಶೋರ್ ಕೈಯಲ್ಲಿ ಫೈಲಿತ್ತು.

"ನಾನು ಸಿನಿಮಾ ಕಂಪನಿ ಪ್ರಚಾರದೋನು ಸಾರ್. ಬೆಳಿಗ್ಗೆ ನಿಮ್ಮ ಓಣೀಲಿ ಕ್ಯಾಮೆರಾ ಬಚ್ಚಿಟ್ಟು ಶೂಟಿಂಗ್ ಮಾಡ್ತಿದ್ವಿ. 'ರಫ್ತಾರ್ ಕಾ ಮುಕ್ಕಾ', ನಾಲ್ಕನೇ ಭಾಗ. ನೀವು ಒದ್ದಿದ್ದು ಕಳ್ಳನಿಗಲ್ಲ. ಅಗ್ನಿರಾಜ್ ಅವರಿಗೆ."

ರಾಯರು ಎದ್ದು ಬಾಗಿಲು ಮುಚ್ಚಿ ಬಂದರು. "ಅವರು ಯಾಕೆ ಬ್ಯಾಗು ಕದೀತಿದ್ರು?"

"ಬ್ಯಾಗಲ್ಲಿ ಬಾಂಬಿದೆ ಸಾರ್, ಕತೇಲಿ. ಊರು ಉಳಿಸ್ತಿದ್ರು."

"ಅಲ್ಲಪ್ಪಾ, ನಲವತ್ತು ಜನರನ್ನ ಹೊಡೆಯೋ ಮನುಷ್ಯ ನನ್ನ ಒಂದು ಒದೆಗೆ..."

ಕಿಶೋರ್ ದನಿ ತಗ್ಗಿಸಿದ. "ಒದೆಯೋದು, ಹಾರೋದು, ಕಾರು ಓಡಿಸೋದು ಎಲ್ಲಾ ಬೇರೆ ಬೇರೆ ಹುಡುಗರು ಸಾರ್. ಹೀರೋಗೆ ಲೈಸೆನ್ಸೇ ಇಲ್ಲ. ಇವತ್ತು ಡೂಪಿಗೆ ಜ್ವರ. ಬೈಕು ಹತ್ತು ಕಿಲೋಮೀಟರಲ್ಲಿ ಹೋದ್ರೆ ಸಾಕು, ಆಮೇಲೆ ಎಡಿಟಿಂಗಲ್ಲಿ ಓಡಿಸ್ಕೋತೀವಿ ಅಂತ ಹೇಳಿ ಅವರನ್ನೇ ಕೂರಿಸಿದ್ವಿ. ಈಗ ಕೊರಳೆಲುಬು ಬಿರುಕು ಬಿಟ್ಟಿದೆ, ಮಗು ಹಾಗೆ ಅಳ್ತಿದಾರೆ. ಪ್ರೊಡ್ಯೂಸರು ನಿಮ್ಮ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂತ ಕೂತಿದ್ರು. ನಮ್ಮ ಕನ್ನಡದೋರು ಬಿಡಿ ಅಂತ ನಾನೇ ತಡೆದೆ. ಇಲ್ಲೊಂದು ಸಹಿ ಹಾಕಿಬಿಡಿ. ಏನಾಯ್ತು ಅಂತ ಯಾರಿಗೂ ಹೇಳಬಾರದು. ಹೀರೋ ಮರ್ಯಾದೆ ಪ್ರಶ್ನೆ."

ಇಪ್ಪತ್ತೆರಡು ವರ್ಷ ಜನರಿಗೆ "ಸಣ್ಣ ಅಕ್ಷರ ಓದಿ ಸಹಿ ಹಾಕಿ" ಎಂದು ಹೇಳುತ್ತ ಬಂದಿದ್ದ ವಾಮನರಾಯರು, ಪೊಲೀಸ್ ಎಂಬ ಶಬ್ದ ಕೇಳಿದ್ದೇ ತಡ, ಆರು ಪುಟಕ್ಕೂ ಓದದೆ ಸಹಿ ಹಾಕಿದರು. ಕಿಶೋರ್ ಕಾಲಿಗೆ ನಮಸ್ಕಾರ ಮಾಡಿ ಹೋದ.

ವ್ಯಾನು ಮರೆಯಾದ ಮೇಲೆ ಚಿಲಕಗಳು ಒಂದೊಂದಾಗಿ ತೆರೆದವು. ಗ್ಯಾಂಗಿನವನು ಕಾಲಿಗೆ ಬಿದ್ದು ಹೋದನಂತೆ ಎಂಬ ಸುದ್ದಿ ಮೂರನೆಯ ಮಹಡಿಗೆ ತಲುಪುವಷ್ಟರಲ್ಲಿ ಐವರು ಗ್ಯಾಂಗಿನವರಾಗಿದ್ದರು. ಯಾರು ಏನು ಕೇಳಿದರೂ ರಾಯರು ಬಾಯಿ ಬಿಡಲಿಲ್ಲ. ಆ ಮೌನಕ್ಕೂ ಜನ ಕೈ ಮುಗಿದರು. ಒಳಗೊಳಗೇ ರಾಯರಿಗೆ ಹಿಗ್ಗೂ ಇತ್ತು. ಯಾರಿಗೆ ಒದ್ದದ್ದು ಎಂದು ಹೇಳುವಂತಿಲ್ಲ ನಿಜ, ಒದ್ದದ್ದಂತೂ ಒದ್ದದ್ದೇ.

ಆ ಹಿಗ್ಗು ಸಂಜೆ ಏಳರವರೆಗೆ ಇತ್ತು. ಏಳಕ್ಕೆ ಎಲ್ಲರ ಮೊಬೈಲುಗಳೂ ಒಟ್ಟಿಗೇ ಕುಂಯ್‌ಗುಟ್ಟಿದವು. 'ಶೂಟಿಂಗ್ ನಡುವೆ ನಿಜವಾದ ಕಳ್ಳನನ್ನು ಹಿಡಿದ ಅಗ್ನಿರಾಜ್' ಎಂಬ ವಿಡಿಯೋ. ನಗಾರಿಯ ಸದ್ದಿನೊಂದಿಗೆ ಬೆಳ್ಳಿ ಬಣ್ಣದ ಕಾರೊಂದು ರಾಕ್ಷಸ ವೇಗದಲ್ಲಿ ನುಗ್ಗಿಬರುತ್ತದೆ. ಅದರಿಂದ ಹಾರಿದ ಕುಳ್ಳ ಕಳ್ಳ ಕೈಕಾಲು ಬಡಿಯುತ್ತಾನೆ. ಮೂರನೆಯ ಭಾಗದಿಂದ ಕಿತ್ತು ತಂದ ಅಗ್ನಿರಾಜನ ಪಾದ ಆಕಾಶದಿಂದ ಇಳಿಯುತ್ತದೆ. ಹಲ್ಲಿ ಪ್ಯಾಂಟಿಗೆ ಇಳಿದ ಹೊತ್ತಿನ ವಾಮನರಾಯರ ಮುಖ ನಿಧಾನಗತಿಯಲ್ಲಿ, ತೆರೆ ತುಂಬ, ಸೊಟ್ಟಗಾಗುತ್ತದೆ. ಕೊನೆಗೆ, ವೀರನಿಗೆ ಸಣ್ಣ ಗಾಯ, ಅಭಿಮಾನಿಗಳು ಪ್ರಾರ್ಥಿಸಿ ಎಂದು ವಿನಂತಿ.

ಹಸಮುಖಭಾಯ್ ಮೆಟ್ಟಿಲು ಹತ್ತಿ ಬಂದರು. ಶಾಲು ಸೊಸೈಟಿಯದು ಎಂದು ಬೇರೆಲ್ಲೋ ನೋಡುತ್ತ ಹೇಳಿ, ಮಡಿಚಿ ಬಗಲಿಗಿಟ್ಟುಕೊಂಡರು.

ವಾಮನರಾಯರು ಮಲ್ಲಿಕಾರ್ಜುನರ ಕೈ ಹಿಡಿದರು. "ನೀವಾದರೂ ಹೇಳಿ. ಕಣ್ಣಾರೆ ನೋಡಿದಿರಲ್ಲ!"

"ನೋಡೀನ್ರೀ, ಖರೆ," ಮಲ್ಲಿಕಾರ್ಜುನ ಮೆಲ್ಲಗೆ ಕೈ ಬಿಡಿಸಿಕೊಂಡರು. "ಆದ್ರ ನಾ ನೋಡಿದ್ದು ಒಂದ ಬಾಲ್ಕನ್ಯಾಗಿಂದ, ಗೇಟಿನ ಕ್ಯಾಮೆರಾನೂ ಒಂದ. ಅವ್ರು ನಾಕ್ ಕ್ಯಾಮೆರಾದಾಗ ತಗದಾರ್ರೀ. ಮ್ಯೂಜಿಕ್ ಬ್ಯಾರೆ ಐತಿ."

ಎಲ್ಲರೂ ಹೋದರು. ಯಾರು ಏನೆಂದುಕೊಂಡರೂ ರಾಯರಿಗೆ ಅಷ್ಟು ಚಿಂತೆಯಿರಲಿಲ್ಲ. ಸಂಜನಾಳ ಕೋಣೆಯ ಬಾಗಿಲು ಮುಚ್ಚಿತ್ತು, ಅವರು ನೋಡುತ್ತಿದ್ದುದು ಅದನ್ನೇ. ಬಾಗಿಲು ಧಡಾರನೆ ತೆರೆಯಿತು. ಅವಳ ಕಣ್ಣುಗಳು ಬೆಳಿಗ್ಗೆಗಿಂತ ಎರಡರಷ್ಟು ಹೊಳೆಯುತ್ತಿದ್ದವು.

"ಪಪ್ಪಾ! ಅಗ್ನಿರಾಜ್ ನಿನ್ನನ್ನ ಒದ್ದನಾ? ಸಚ್ಚಿ? ಅವನ ಓನ್ ಕಾಲಿಂದ?"

ವಾಮನರಾಯರಿಗೆ ಕರಾರು ಮರೆತುಹೋಯಿತು, ಪೊಲೀಸ್ ಮರೆತುಹೋಯಿತು. ಬದುಕಿನಲ್ಲಿ ಮಾಡಿದ ಒಂದೇ ಒಂದು ಪರಾಕ್ರಮವನ್ನು ಒಬ್ಬಳಿಗಾದರೂ ಹೇಳಲೇಬೇಕಿತ್ತು.

"ಇಲ್ಲ ಮರೀ. ನಾನೇ ಅವನಿಗೆ ಒದ್ದದ್ದು. ಅವನ ಕೊರಳೆಲುಬು ಮುರಿದದ್ದೂ ನಾನೇ."

ಸಂಜನಾ ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕರುಣೆಯಿಂದ ಭುಜ ತಟ್ಟಿದಳು. "ಪಪ್ಪಾ, ಪ್ಲೀಸ್. ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳು."

ಕರೆಗಂಟೆ ಸದ್ದಾಯಿತು. ಸಂಜನಾಳ ಗೆಳತಿಯರು ಹನ್ನೆರಡು ಮಂದಿ ಮೊಬೈಲು ಹಿಡಿದು ಮೆಟ್ಟಿಲಲ್ಲಿ ಸಾಲಾಗಿ ನಿಂತಿದ್ದರು. ಅಗ್ನಿರಾಜನ ಪಾದ ತಗುಲಿದ ಜಾಗದ ಜೊತೆ ಅವರಿಗೆ ಸೆಲ್ಫಿ ಬೇಕಿತ್ತು.

"ಅಂಕಲ್, ಯಾವ ಕೆನ್ನೆಗೆ ಬಿತ್ತು?" ಎಂದಳು ಮೊದಲನೆಯವಳು.

ವಾಮನರಾಯರು ಒಂದು ಕ್ಷಣ ಮಗಳ ಮುಖ ನೋಡಿದರು. ಆಮೇಲೆ ನಿಟ್ಟುಸಿರಿಟ್ಟು ಎಡಗೆನ್ನೆ ತಿರುಗಿಸಿದರು.

"ಬಲಗೆನ್ನೆ ಕಣ್ರೀ," ಎಂದು ಅಡುಗೆಮನೆಯಿಂದ ನಳಿನಿ ತಿದ್ದಿದಳು. "ನಾನು ಈಗ ತಾನೇ ವಿಡಿಯೋದಲ್ಲಿ ನೋಡಿದೆ."