ಪುಟ್ಟಸ್ವಾಮಿಯ ಬಂದೂಕಿನ ಬೀರು

ಪುಟ್ಟಸ್ವಾಮಿ ತನ್ನ ನಲವತ್ತು ವರ್ಷದ ಬಾಳಿನಲ್ಲಿ ಒಂದು ಸೊಳ್ಳೆಯನ್ನೂ ಮೊದಲ ಏಟಿಗೆ ಹೊಡೆದವನಲ್ಲ. ಅಂಥವನು ಬಂದೂಕು ಕೊಂಡಿದ್ದ. ಬೇಟೆಯ ಹುಚ್ಚಿನಿಂದಲ್ಲ, ಬಡ್ತಿಯ ಆಸೆಯಿಂದ. ಹೊರದೇಶದ ಮಿಸಿಸಾಗ ಊರಿನಲ್ಲಿದ್ದ ಅವನ ಆಫೀಸಿನ ಮ್ಯಾನೇಜರ್ ಕ್ರೇಗ್ ಪ್ರತಿ ಸೆಪ್ಟೆಂಬರಿನಲ್ಲಿ ನಾಲ್ಕೈದು ಜನರನ್ನು ಕಟ್ಟಿಕೊಂಡು ಕಾಡು ಹೆಬ್ಬಾತು ಹೊಡೆಯಲು ಹೋಗುತ್ತಿದ್ದ. ಹಾಗೆ ಹೋಗಿಬಂದವರೇ ಮೇಲೇರುತ್ತಾರೆ, ಬರ್ಲಿಂಗ್ಟನ್ನಿನಲ್ಲಿ ತೆರೆಯಲಿರುವ ಹೊಸ ಆಫೀಸಿಗೆ ಮುಖ್ಯಸ್ಥನಾಗುವವನೂ ಆ ಗುಂಪಿನವನೇ ಎಂಬುದು ಪುಟ್ಟಸ್ವಾಮಿಯ ಸ್ವಂತ ಸಂಶೋಧನೆ. ಕೆಲಸ ನೆಟ್ಟಗೆ ಮಾಡಿದವನೂ ಮೇಲೇರಬಹುದು ಎಂಬ ಸಾಧ್ಯತೆಯನ್ನು ಅವನು ಪರಿಶೀಲಿಸಿರಲಿಲ್ಲ.

ತರಗತಿಗೆ ಹೋದ, ಪರೀಕ್ಷೆ ಬರೆದ, ಲೈಸೆನ್ಸ್ ಪಡೆದ, ಬಂದೂಕಿನ ಜೊತೆಗೆ ಎಲೆ ಚಿತ್ರದ ಟೋಪಿಯನ್ನೂ ಕೊಂಡ. ಮೊದಲ ಸಲ ಮೈದಾನದಲ್ಲಿ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಹಾರಿಸಿ ಹೊಡೆಯಲು ಹೇಳಿದಾಗ ಬಿಲ್ಲೆಗಳೆಲ್ಲ ಕ್ಷೇಮವಾಗಿ ನೆಲಕ್ಕಿಳಿದವು. ಪುಟ್ಟಸ್ವಾಮಿಯ ಭುಜ ಮಾತ್ರ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಸೋಮವಾರ ಆಫೀಸಿನಲ್ಲಿ ಅವನು ಆ ಕ್ರೀಡೆಯ ಸೊಗಸನ್ನು ಎಡಗೈಯಲ್ಲೇ ಅಭಿನಯಿಸಿ ವರ್ಣಿಸಿದ.

ಆದರೆ ಬಂದೂಕು ಇನ್ನೂ ಅವನ ಮನೆಗೆ ಬಂದಿರಲಿಲ್ಲ. ಹೆಂಡತಿ ಜಯಶೀಲಾ ಒಂದೇ ಮಾತು ಹೇಳಿದ್ದಳು: "ನಿಧಿ ಕೈಲಿ ತೆಗೆಯೋಕಾಗದಂಥ ಕಬ್ಬಿಣದ ಬೀರು ಮೊದಲು ಬರ್ಲಿ. ಅಲ್ಲೀವರ್ಗೂ ಆ ದರಿದ್ರದ್ದು ಹೊಸಿಲು ದಾಟಕೂಡ್ದು ಕಣ್ರೀ." ಒಂಬತ್ತು ವರ್ಷದ ಮಗಳು ನಿಧಿಗೆ ತೆಗೆಯಲಾಗದ ಬಿಸ್ಕತ್ತಿನ ಡಬ್ಬಿ ಆ ಮನೆಯಲ್ಲಿ ಇರಲಿಲ್ಲವಾದ್ದರಿಂದ ಅದು ನ್ಯಾಯವಾದ ಮಾತೇ. ಹಾಗಾಗಿ ಬಂದೂಕು ಸಹೋದ್ಯೋಗಿ ಗ್ಲೆನ್‌ನ ಮನೆಯ ಸೇಫಿನಲ್ಲಿ ಅತಿಥಿಯಾಗಿತ್ತು. ಗ್ಲೆನ್‌ಗೂ ಲೈಸೆನ್ಸ್ ಇತ್ತು. ಅವನು ಕಾನೂನಿನ ಗೆರೆಯಿಂದ ಒಂದು ಮಾರು ಈಚೆಗೇ ನಿಲ್ಲುವ ಮನುಷ್ಯ.

2017ರ ಆ ಶನಿವಾರ ಬೆಳಿಗ್ಗೆ ಗ್ಲೆನ್‌ನ ಮೆಸೇಜು ಬಂತು. ಮನೆ ಮಾರಿದ್ದಾಯಿತು, ಕಾಂಡೋ ಫ್ಲ್ಯಾಟಿಗೆ ಹೋಗುತ್ತಿದ್ದೇನೆ, ನನ್ನ ಸೇಫು ಒಂದೇ ತುಂಡಿನ ಬೆಸುಗೆಯದು, ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಅದನ್ನು ಮನೆ ಕೊಂಡವರಿಗೇ ಬಿಟ್ಟೆ. ನನ್ನ ಬಂದೂಕುಗಳು ದೂರದ ಪೀಟರ್‌ಬರೋದಲ್ಲಿರುವ ತಮ್ಮನ ಮನೆಗೆ ಹೋದವು. ನಿನ್ನದನ್ನು ಇವತ್ತು ಸಂಜೆ ತಂದುಕೊಡುತ್ತೇನೆ, ಜಾಗ ಸಿದ್ಧವಿರಲಿ. ಕ್ರೇಗ್‌ನ ಬೇಟೆ ಮುಂದಿನ ಶನಿವಾರ. ಇವತ್ತು ಬಂದೂಕು ಮನೆ ಸೇರದಿದ್ದರೆ ಬೇಟೆಯಿಲ್ಲ, ಬೇಟೆಯಿಲ್ಲದಿದ್ದರೆ ಬರ್ಲಿಂಗ್ಟನ್ ಇಲ್ಲ.

ಯಾವ ಬೀರು ಎಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗಿತ್ತು. ಮೂರು ತಿಂಗಳು ಅವನು ಇಂಟರ್‌ನೆಟ್ಟಿನಲ್ಲಿ ಅದನ್ನೇ ಓದಿದ್ದ. ಹೆಣ್ಣು ನೋಡಲು ಹೋದಾಗ ಇದರ ಕಾಲು ಭಾಗದಷ್ಟೂ ವಿಚಾರಿಸಿರಲಿಲ್ಲವೆಂದು ಜಯಶೀಲಾ ಆಗಾಗ ನೆನಪಿಸುತ್ತಿದ್ದಳು. ಬಾಡಿಗೆ ಟೌನ್‌ಹೌಸು, ನಡುವೆ ತಿರುವಿರುವ ಮೆಟ್ಟಿಲು, ನಾಳೆಯೋ ನಾಡಿದ್ದೋ ಬರ್ಲಿಂಗ್ಟನ್ನಿಗೆ ಹೊರಡುವ ಯೋಗ. ಇಂಥವನಿಗೆ ತಕ್ಕದ್ದು ಹಲಗೆ ಹಲಗೆಯಾಗಿ ಬಂದು ಒಳಗಿನಿಂದ ಬೋಲ್ಟು ಬಿಗಿಯುವ ಮಾಡ್ಯುಲರ್ ಸೇಫು. ಬೇಕೆಂದಾಗ ಬಿಚ್ಚಬಹುದು, ಬೇಕಾದಲ್ಲಿಗೆ ಒಯ್ಯಬಹುದು. ತನ್ನ ಜೀವನದಲ್ಲೇ ಇಷ್ಟು ಮುಂದಾಲೋಚನೆ ಮಾಡಿದ ಇನ್ನೊಂದು ಪ್ರಸಂಗ ಪುಟ್ಟಸ್ವಾಮಿಗೆ ನೆನಪಿಗೆ ಬರಲಿಲ್ಲ.

ತರಲು ವ್ಯಾನು ಬೇಕಿತ್ತು. ಎದುರು ಮನೆಯ ಮುರಿಗೆಪ್ಪ ಧಾರವಾಡದ ಕಡೆಯವನು, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಅವನ ಬಳಿ ವ್ಯಾನೂ ಇತ್ತು, ಅಭಿಪ್ರಾಯಗಳೂ ಇದ್ದವು. ವ್ಯಾನು ಕೇಳಿದರೆ ಕೊಡುತ್ತಿದ್ದ, ಅಭಿಪ್ರಾಯ ಕೇಳದಿದ್ದರೂ ಕೊಡುತ್ತಿದ್ದ. ಅಂಗಡಿಯಲ್ಲಿ ಅವನು ಒಂದೊಂದು ಸೇಫಿಗೂ ಕಿವಿಕೊಟ್ಟು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವನಂತೆ ಬೆರಳ ಗೆಣ್ಣಿನಿಂದ ಬಡಿದು ನೋಡಿದ.

"ಬಿಚ್ಚಿ ಜೋಡಸೂ ತಿಜೋರಿ ಅಂದ್ರ ಕಳ್ಳಗೂ ಬಿಚ್ಚಾಕ ಬರ್ತೈತಲ್ರಿ?" ಎಂದ.

ಅಂಗಡಿಯವನು ತಾಳ್ಮೆಯಿಂದ ವಿವರಿಸಿದ. ಬೋಲ್ಟುಗಳೆಲ್ಲ ಒಳಗಡೆ, ಬಾಗಿಲು ಮುಚ್ಚಿದ ಮೇಲೆ ಹೊರಗಿನವನಿಗೆ ಒಂದೂ ಸಿಗುವುದಿಲ್ಲ. ಮುರಿಗೆಪ್ಪ ಸೋಲೊಪ್ಪುವ ಪೈಕಿಯಲ್ಲ, ಅಳತೆಯ ಕಡೆ ತಿರುಗಿದ. ಪುಟ್ಟಸ್ವಾಮಿ ಚಿಕ್ಕದೊಂದನ್ನು ಆರಿಸಿದ್ದ. "ನಾಳೆ ಒಂದ ಬಂದೂಕು ಹೋಗಿ ನಾಕ ಆದ್ರ ಏನ್ ಮಾಡ್ತೀರಿ? ದೊಡ್ಡದ ತಗೋರಿ," ಎಂದು ಮುರಿಗೆಪ್ಪ ಅಂದದ್ದೇ ತಡ, ಪುಟ್ಟಸ್ವಾಮಿಯ ಕಣ್ಣ ಮುಂದೆ ನಾಲ್ಕು ಬಂದೂಕಿನ ಒಡೆಯನಾದ ಬರ್ಲಿಂಗ್ಟನ್ ಪುಟ್ಟಸ್ವಾಮಿ ಬಂದು ನಿಂತ. ಒಂದು ಬಂದೂಕಿಗೆ ಹದಿನಾಲ್ಕು ಬಂದೂಕು ಹಿಡಿಸುವ ಬೀರು ವ್ಯಾನು ಹತ್ತಿತು.

ಮಹಡಿಯ ಕೋಣೆಯಲ್ಲಿ ಇಬ್ಬರೂ ಹಲಗೆ ಜೋಡಿಸಿದರು. ಹಿಂದಿನ ಹಲಗೆ ತಲೆಕೆಳಗಾಯಿತು, ಬಿಚ್ಚಿದರು. ಮುರಿಗೆಪ್ಪನ ಹೆಬ್ಬೆರಳು ಸಂದಿಗೆ ಸಿಕ್ಕಿತು, ಬಿಡಿಸಿದರು. ಕೊನೆಗೆ ಕಬ್ಬಿಣದ ಬಾಗಿಲು ಕೂತಾಗ ಪಕ್ಕದ ಮನೆಯ ಸುಮಿತ್ರಮ್ಮ ಬಂದರು. ಮೈಸೂರಿನಲ್ಲಿ ಮೂವತ್ತು ವರ್ಷ ಮೇಡಂ ಆಗಿದ್ದು, ಈಗ ಮಗನ ಮನೆಯಲ್ಲಿದ್ದವರು. ಸ್ಕೂಲು ಬಿಟ್ಟಿದ್ದರು, ಮೇಡಂತನ ಬಿಟ್ಟಿರಲಿಲ್ಲ. ಬೀರುವನ್ನು ಒಂದು ಸುತ್ತು ಹಾಕಿ, ಇದು ನೈಋತ್ಯದಲ್ಲಿ ನಿಂತು ಉತ್ತರಕ್ಕೆ ಬಾಗಿಲು ತೆರೆಯಬೇಕು, ಹೀಗಿಟ್ಟರೆ ಮನೆ ಉದ್ಧಾರವಾಗುವುದಿಲ್ಲ ಎಂದರು. ಇದು ಬಂದೂಕಿಡುವುದಕ್ಕೆ ಎಂದು ಪುಟ್ಟಸ್ವಾಮಿ ತೊದಲಿದ. ಜಯಶೀಲಾ ಆಗಲೇ ಉತ್ತರ ಯಾವ ಕಡೆ ಎಂದು ಫೋನಿನಲ್ಲಿ ನೋಡುತ್ತಿದ್ದಳು.

ಬೀರು ಮೂರು ಜನ ತಳ್ಳಿದರೂ ಮಿಸುಕಲಿಲ್ಲ. ಮತ್ತೆ ಬಿಚ್ಚಿ, ನಾಲ್ಕು ಹೆಜ್ಜೆ ಆಚೆ ಮತ್ತೆ ಜೋಡಿಸಿದರು. ಬೆವರು ಒರೆಸಿಕೊಳ್ಳುತ್ತ ಪುಟ್ಟಸ್ವಾಮಿ, ಮಾಡ್ಯುಲರ್ ತೆಗೆದುಕೊಂಡಿದ್ದರ ಉಪಯೋಗ ಇದೇ ನೋಡಿ ಎಂದು ಹೆಮ್ಮೆಪಟ್ಟ. ಇಂಥ ಮನುಷ್ಯನನ್ನು ದೇವರೂ ಕಾಪಾಡಲಾರ.

ಬೀಗಕ್ಕೆ ಆರಂಕಿಯ ಗುಪ್ತ ಸಂಖ್ಯೆ. ಲೈಸೆನ್ಸ್ ಇದ್ದವನಿಗೆ ಮಾತ್ರ ಅದು ಗೊತ್ತಿರತಕ್ಕದ್ದು ಎಂದು ಗಂಭೀರವಾಗಿ ಸಾರಿ, ಎಲ್ಲರಿಗೂ ಬೆನ್ನು ತಿರುಗಿಸಿ ಪುಟ್ಟಸ್ವಾಮಿ ಅದನ್ನು ಒತ್ತಿದ. ಆಮೇಲೆ ಕಾಫಿ ಕುಡಿದ. ಸಂಜೆ ದೀಪ ಹಚ್ಚುವವರೆಗೆ ಆ ಗುಟ್ಟು ಗುಟ್ಟಾಗಿಯೇ ಇತ್ತು.

ಲೋಟ ಕೆಳಗಿಡುವಾಗ ಜಯಶೀಲಾ ಬೀರುವಿಗೆ ಅರಿಶಿನ ಕುಂಕುಮ ಹಚ್ಚಿ ಮುಗಿಸಿದ್ದಳು. ಹೊಸ ಬೀರು ಬರಿದಾಗಿ ಮುಚ್ಚಬಾರದು, ಮೊದಲು ಲಕ್ಷ್ಮಿ ಒಳಗೆ ಹೋಗಬೇಕು ಎಂದರು ಸುಮಿತ್ರಮ್ಮ. ಅಕ್ಕಿ ಡಬ್ಬದ ತಳದಲ್ಲಿ ಅವಿತಿದ್ದ ಜಯಶೀಲಳ ಒಡವೆಗಳು ಬಂದು ಕೂತವು. ಮಗನ ಹೆಬ್ಬೆರಳು ನೋಡಲೆಂದು ಬಂದಿದ್ದ ಮುರಿಗೆಪ್ಪನ ತಾಯಿ ಗುರುಬಸವ್ವ ಇದನ್ನು ಕಂಡು ಮನೆಗೆ ಹೋಗಿ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ವಾಪಸು ಬಂದಳು. ಹೋದ ತಿಂಗಳು ಹಿಂದಿನ ಬೀದಿಯಲ್ಲಿ ಕಳ್ಳತನವಾಗಿತ್ತು. ಅವತ್ತಿನಿಂದ ಆ ಸುತ್ತಿನ ಹೆಂಗಸರೆಲ್ಲ ಚಿನ್ನವನ್ನು ಹಿಟ್ಟಿನೊಳಗೆ, ಬೂಟಿನೊಳಗೆ, ಚಳಿಗಾಲದ ಕೋಟಿನೊಳಗೆ ಬಚ್ಚಿಟ್ಟು ನಿದ್ದೆಗೆಟ್ಟಿದ್ದರು. ಸುಮಿತ್ರಮ್ಮ ಯಾರಿಗೋ ಒಂದು ಫೋನು ಮಾಡಿದರು. ಒಂದೇ ಒಂದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪುಟ್ಟಸ್ವಾಮಿಯ ಬಾಗಿಲಲ್ಲಿ ಸೀಮಂತದ ಮನೆಯಷ್ಟು ಚಪ್ಪಲಿ ಸೇರಿತ್ತು. ಅವನು ಮುಖ ನೋಡದವರೂ ಬಂದು, ಒಡವೆ ಪೆಟ್ಟಿಗೆ ಒಳಗಿಟ್ಟು, ಉಪ್ಪಿಟ್ಟು ತಿಂದರು. ಬಂದೂಕಿನ ನಳಿಗೆ ಒರಗಿಸುವ ಕಚ್ಚುಗಳಿಗೆ ಕಾಸಿನ ಸರ, ಅವಲಕ್ಕಿ ಸರಗಳು ಜೋತುಬಿದ್ದವು. ಚಿನ್ನದ ಹಿಂದೆ ರೇಷ್ಮೆ ಸೀರೆಗಳು, ಸೀರೆಗಳ ಹಿಂದೆ ಪಾಸ್‌ಪೋರ್ಟುಗಳು ಬಂದವು. ಗ್ಲೆನ್ ಬರುತ್ತಾನೆ, ಜಾಗ ಬೇಕು ಎಂದು ಪುಟ್ಟಸ್ವಾಮಿ ಗೋಗರೆದ.

"ಒಂದು ಬಂದೂಕು ತಾನೇ? ಛತ್ರಿ ಥರ ಮೂಲೇಲಿ ನಿಲ್ಸಿದ್ರಾಯ್ತು ಬಿಡಿ," ಎಂದಳು ಜಯಶೀಲಾ. ಒಂದು ಮೂಲೆಯನ್ನು ನಿಜವಾಗಿಯೂ ಬಿಟ್ಟಿದ್ದಳು.

ಆಮೇಲೆ ಗುರುಬಸವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಂಗಾರ ನಂದು, ನಂಬರ ನಿಂದು. ಇದ್ಯಾವ ನ್ಯಾಯ ತಮ್ಮಾ?"

ಕಾನೂನು ಹಾಗಿದೆ ಎಂದು ಪುಟ್ಟಸ್ವಾಮಿ ಹೇಳಿದ. ಆ ಕಾನೂನಿಗೆ ಅಲ್ಲಿ ಯಾರೂ ಉಪ್ಪಿಟ್ಟಿನಷ್ಟು ಬೆಲೆಯನ್ನೂ ಕೊಡಲಿಲ್ಲ. ಜಯಶೀಲಾ ಗಂಡನನ್ನು ಸುಮ್ಮನೆ ನೋಡಿದಳು. ಅವನು ಸಂಖ್ಯೆಯನ್ನು ಅವಳ ಕಿವಿಯಲ್ಲಿ ಉಸುರಿದ. ಅವಳು ಮುರಿಗೆಪ್ಪನಿಗೆ ಹೇಳಿದಳು. ತಾಯಿಯ ಕಿವಿ ಮಂದವಾದ್ದರಿಂದ ಮುರಿಗೆಪ್ಪ ಅದನ್ನು ಬೀದಿಗೆ ಕೇಳುವಂತೆ ಕೂಗಿದ. ವಯಸ್ಸಾದವರಿಗೆ ಅಂಕಿ ಮರೆತುಹೋಗುತ್ತದೆ ಎಂದು ಸುಮಿತ್ರಮ್ಮ, ಮಗ್ಗಿ ಕಲಿಸಿದ ಅನುಭವದಿಂದ, ಆರು ಅಂಕಿಗಳನ್ನೂ ಮಂಗಳಾರತಿಯ ಧಾಟಿಗೆ ಕೂರಿಸಿ ಹೇಳಿಕೊಟ್ಟರು. ದೀಪ ಹಚ್ಚಿದ್ದಾಗಿತ್ತು, ಹೆಂಗಸರು ಬೀರುವಿನ ಮುಂದೆ ಕೈಮುಗಿದು ಒಕ್ಕೊರಲಿನಿಂದ ಹಾಡಿದರು.

ಗ್ಲೆನ್ ಬಂದದ್ದು ಆಗ. ಪೆಟ್ಟಿಗೆಯಲ್ಲಿದ್ದ ಬಂದೂಕನ್ನು ಎದೆಗವುಚಿಕೊಂಡು, ಬೂಟು ಕಳಚಿ, ಮೆಟ್ಟಿಲ ಮೇಲೆ ನಿಂತು ಭಕ್ತಿಯಿಂದ ಕೇಳಿಸಿಕೊಂಡ. ತುಂಬ ಇಂಪಾಗಿದೆ, ಇದು ಯಾವ ದೇವರ ಪ್ರಾರ್ಥನೆ ಎಂದು ಪಕ್ಕದಲ್ಲಿದ್ದ ನಿಧಿಯನ್ನು ಕೇಳಿದ. ಪ್ರಾರ್ಥನೆಯಲ್ಲ, ಇದು ಅಪ್ಪನ ಗನ್ ಸೇಫಿನ ಕೋಡು ಎಂದು ನಿಧಿ ಅವನಿಗೆ ಸ್ವಚ್ಛ ಇಂಗ್ಲಿಷಿನಲ್ಲಿ ತಿಳಿಸಿ, ಆರು ಅಂಕಿಗಳನ್ನೂ ತರ್ಜುಮೆ ಮಾಡಿ, ಬೇಕಾದರೆ ತೆಗೆದು ತೋರಿಸುತ್ತೇನೆ ಎಂದಳು. ತೋರಿಸಿದಳು ಕೂಡ.

ಗ್ಲೆನ್ ಕಾಸಿನ ಸರಗಳನ್ನು ನೋಡಿದ, ಕುಂಕುಮ ನೋಡಿದ, ನಿಧಿಯನ್ನು ನೋಡಿದ. ಮೆಲುದನಿಯಲ್ಲೇ ಹೇಳಿದ: ಒಂಬತ್ತು ವರ್ಷದ ಮಗು ತೆಗೆಯಬಲ್ಲ, ಇಡೀ ಬೀದಿ ಹಾಡಬಲ್ಲ ಬೀರುವಿನಲ್ಲಿ ಬಂದೂಕು ಬಿಟ್ಟುಹೋಗಲು ನನ್ನಿಂದಾಗದು. ಇದನ್ನೂ ತಮ್ಮನ ಮನೆಗೇ ಒಯ್ಯುತ್ತೇನೆ. ಬೇಟೆಗೆ ನೀನು ಬರುವುದಿಲ್ಲವೆಂದು ಕ್ರೇಗ್‌ಗೆ ನಾನೇ ತಿಳಿಸುತ್ತೇನೆ.

ಪುಟ್ಟಸ್ವಾಮಿ ಗ್ಲೆನ್‌ನ ತೋಳು ಹಿಡಿದ. ಈಗಲೇ ನಂಬರು ಬದಲಾಯಿಸುತ್ತೇನೆ, ಈ ಚಿನ್ನವನ್ನೆಲ್ಲ ಈಗಲೇ ವಾಪಸು ಕೊಡುತ್ತೇನೆ ಎಂದು ಬೀರುವಿಗೆ ಕೈಹಾಕಿದ.

ಸುಮಿತ್ರಮ್ಮ ಅಡ್ಡ ನಿಂತರು. "ದೀಪ ಹಚ್ಚಿರೋ ಹೊತ್ತಲ್ಲಿ ಒಳಗೆ ಬಂದ ಲಕ್ಷ್ಮೀನ ಆಚೆ ಕಳಿಸ್ತೀಯೇನಪ್ಪ? ಬುದ್ಧಿ ಇದೆಯಾ ನಿಂಗೆ?"

ಬುದ್ಧಿ ಇದ್ದಿದ್ದರೆ ಅವನು ಅಲ್ಲಿ ನಿಂತಿರುತ್ತಿರಲಿಲ್ಲ. ಗ್ಲೆನ್‌ನ ಹಿಂದೆಯೇ ಕೆಳಗಿಳಿದು, ತಾನೊಮ್ಮೆಯೂ ಗುರಿ ಮುಟ್ಟಿಸದ ಬಂದೂಕು ಕಾರಿನ ಡಿಕ್ಕಿ ಸೇರುವುದನ್ನು ನೋಡಿದ. ನಿಜವಾಗಿಯೂ ಅವನಿಗೆ ಅಳು ಬಂತು. ಅಷ್ಟರಲ್ಲಿ ಡಿಕ್ಕಿ ಮುಚ್ಚಿದ ಗ್ಲೆನ್ ಕಾರಿನ ಹಿಂದಿನ ಬಾಗಿಲು ತೆಗೆದು, ಅಲ್ಲಿಯೇ ತಡವರಿಸಿದ. ಮನಸ್ಸು ಬದಲಾಯಿತೆಂದು ಪುಟ್ಟಸ್ವಾಮಿಯ ಮುಖ ಅರಳಿತು.

ಗ್ಲೆನ್ ಈಚೆ ತೆಗೆದದ್ದು ಒಂದು ಮರದ ಪೆಟ್ಟಿಗೆ. ತನ್ನ ತಾಯಿಯ ಬೆಳ್ಳಿಯ ಚಹಾ ಸೆಟ್ಟು ಎಂದು ಸಂಕೋಚದಿಂದ ಹೇಳಿದ. ಸೇಫು ಕೈಬಿಟ್ಟ ಮೇಲೆ ಇದಕ್ಕೆ ದಿಕ್ಕಿಲ್ಲ, ಕಾಂಡೋದಲ್ಲಿ ಗೋಡೆಗೆ ಬಣ್ಣ ಬಳಿಯುವವರು ಓಡಾಡುತ್ತಿದ್ದಾರೆ. ತಮ್ಮನನ್ನು ಬಂದೂಕಿನ ವಿಷಯದಲ್ಲಿ ನಂಬುತ್ತೇನೆ, ಬೆಳ್ಳಿಯ ವಿಷಯದಲ್ಲಿ ನಂಬುವುದಿಲ್ಲ. ನಿಮ್ಮ ಮನೆಯಲ್ಲಿ ಇಷ್ಟು ಹೆಂಗಸರು ಪಹರೆಗಿದ್ದಾರೆ, ಯಾವ ಕಳ್ಳ ತಾನೇ ಹತ್ತಿರ ಬಂದಾನು? ಕೆಲವು ದಿನ ಇಟ್ಟುಕೊಳ್ಳುವೆಯಾ?

ಮಹಡಿಯಲ್ಲಿ ಅವನಿಗೆ ರಾಜಮರ್ಯಾದೆ ಸಿಕ್ಕಿತು. ಬಂದೂಕಿಗೆಂದು ಬಿಟ್ಟಿದ್ದ ಮೂಲೆಯಲ್ಲಿ ಪೆಟ್ಟಿಗೆ ಸರಿಯಾಗಿ ಕೂತಿತು. ಸುಮಿತ್ರಮ್ಮ ಅವನಿಗೂ ಹಾಡು ಕಲಿಸಿದರು, ಅವನು ಎರಡನೆಯ ಸಲಕ್ಕೇ ಧಾಟಿ ಹಿಡಿದ. ಇದಕ್ಕೆ ಕಾನೂನಿನ ಅಡ್ಡಿ ಅವನಿಗೆ ಕಾಣಲಿಲ್ಲ.

ಅವನು ಹೋದ ಮೇಲೆ ಪುಟ್ಟಸ್ವಾಮಿ ಬರ್ಲಿಂಗ್ಟನ್ನಿನ ಹೆಸರೆತ್ತಿದ. ಬೇಟೆಗೆ ಹೋಗದಿದ್ದರೂ ಕೆಲಸ ಸಿಗಲಿಕ್ಕಿಲ್ಲವೇ, ಸಿಕ್ಕಿದರೆ ಈ ಬೀರುವನ್ನು ಬಿಚ್ಚಿಕೊಂಡು ಹೋಗಬಹುದಲ್ಲ, ಅದಕ್ಕೆಂದೇ ತಂದದ್ದಲ್ಲವೇ ಎಂದ.

ಮುರಿಗೆಪ್ಪ ಬೋಲ್ಟುಗಳನ್ನು ಮತ್ತೊಂದು ಸುತ್ತು ಬಿಗಿಯುತ್ತಿದ್ದ. "ಇಷ್ಟ ಮಂದಿ ಬಂಗಾರ ಒಳಗಿಟ್ಕೊಂಡು ಎಲ್ಲಿಗೆ ಹೊಂಟೀರಿ? ಮಂದಿ ಓಡಿಹೋದ ಅಂತಾರ. ಬರ್ಲಿಂಗ್ಟನ್ ಮಾತ ತೆಗೀಬ್ಯಾಡ್ರಿ ಇನ್ನ."

ಜಯಶೀಲಾ ಒಂದು ಹಾಸಿಗೆ, ಒಂದು ದುಪ್ಪಟಿ ತಂದು ಬೀರುವಿನ ಬುಡದಲ್ಲಿ ಹಾಸಿದಳು. ಊರವರ ಒಡವೆ ಮನೆಯಲ್ಲಿರುವಾಗ ಯಾರಾದರೂ ಇಲ್ಲೇ ಮಲಗಬೇಕೆಂದು ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ್ದರು. ಆ ಯಾರಾದರೂ ಯಾರೆಂದು ಚರ್ಚೆಯಾಗಿರಲಿಲ್ಲ.

ಪುಟ್ಟಸ್ವಾಮಿ ಹಾಸಿಗೆಯ ಮೇಲೆ ಕುಕ್ಕರಿಸಿದ. "ಕಳ್ಳ ಬಂದ್ರೆ ನಾನೇನ್ ಮಾಡ್ಲಿ? ಕೈಯಲ್ಲಿ ಒಂದು ಬಂದೂಕೂ ಇಲ್ಲ."

ಸುಮಿತ್ರಮ್ಮ ಮೆಟ್ಟಿಲಿಳಿಯುತ್ತಿದ್ದವರು ಕತ್ತು ಹೊರಳಿಸಿದರು. "ಬಂದೂಕು ಯಾಕಪ್ಪ, ಬಾಯಿಲ್ವಾ? ಕೂಗು, ನಾವು ಬರ್ತೀವಿ."